ನಲವತ್ತು ವ್ಯಾಟಿನಲ್ಲಿ ಒಂದು ಸಂಸಾರ: ಶೆಡ್ಡುಗಳಿಗೆ ಸೋಲಾರ್ ಹಾಕಿದ ನನ್ನ ಅನುಭವ

ನಾನು ವೃತ್ತಿಯಿಂದ ಎಲೆಕ್ಟ್ರಿಷಿಯನ್. ವಾರದ ಆರು ದಿನ ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ವೈರಿಂಗ್ ಮತ್ತು ಮೋಟಾರಿನ ಕೆಲಸ ಮಾಡುತ್ತೇನೆ. 2018ರಿಂದ ಭಾನುವಾರಗಳನ್ನು ಥಣಿಸಂದ್ರ, ಹೆಣ್ಣೂರು ಕಡೆಯ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಸೋಲಾರ್ ದೀಪ ಜೋಡಿಸುವುದಕ್ಕೆ ಮೀಸಲಿಟ್ಟಿದ್ದೇನೆ. ಈ ಕೆಲಸದ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು ಪ್ಯಾನೆಲ್ ಎಷ್ಟು ವ್ಯಾಟಿನದು, ಅದಕ್ಕೆ ಬೆಲೆ ಎಷ್ಟು ಎಂದು. ಆದರೆ ಬಡವರ ಮನೆಯಲ್ಲಿ ಪ್ಯಾನೆಲ್ ಕೊನೆಗೆ ಬರಬೇಕಾದ ವಸ್ತು ಎಂಬುದನ್ನು ನಾನು ಕಲಿತದ್ದು ಲಗ್ಗೆರೆಯ ನನ್ನ ಸ್ವಂತ ಶೀಟಿನ ಮನೆಯಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

2016ರಲ್ಲಿ ನಮ್ಮ ಮನೆಯ ಬಳಕೆ ತಿಂಗಳಿಗೆ ಸುಮಾರು 82 ಯೂನಿಟ್ ಇತ್ತು. ಫ್ರಿಜ್ ಇಲ್ಲದ, ವಾಷಿಂಗ್ ಮೆಷಿನ್ ಇಲ್ಲದ ಒಂದೂವರೆ ಕೋಣೆಯ ಮನೆಗೆ ಇಷ್ಟು ಕರೆಂಟು ಎಲ್ಲಿ ಹೋಗುತ್ತಿದೆ ಎಂದು ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನದು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಅದೊಂದೇ 900 ವ್ಯಾಟ್-ಗಂಟೆ (ಸಾವಿರ ವ್ಯಾಟ್-ಗಂಟೆ ಸೇರಿದರೆ ಒಂದು ಯೂನಿಟ್). ನೀರು ಕಾಯಿಸುವ ಕಾಯಿಲ್ 1500 ವ್ಯಾಟಿನದು. ಇಪ್ಪತ್ತು ನಿಮಿಷಕ್ಕೆ ಅರ್ಧ ಯೂನಿಟ್. ಅರವತ್ತು ವ್ಯಾಟಿನ ಎರಡು ಬಲ್ಬು, ಚೋಕ್ ಇರುವ ಟ್ಯೂಬ್‌ಲೈಟ್, ಡಬ್ಬದಂತಹ ಹಳೆಯ ಟಿವಿ. ಇವೆಲ್ಲ ನಿರೀಕ್ಷೆಯಂತೆಯೇ ಇದ್ದವು. ನನಗೆ ಆಶ್ಚರ್ಯ ಹುಟ್ಟಿಸಿದ್ದು ಸೆಟ್-ಟಾಪ್ ಬಾಕ್ಸ್. ಟಿವಿ ಆರಿಸಿದರೂ ಅದು ಹಗಲು ರಾತ್ರಿ ಹತ್ತು ವ್ಯಾಟ್ ಎಳೆಯುತ್ತಿತ್ತು. ದಿನಕ್ಕೆ 240 ವ್ಯಾಟ್-ಗಂಟೆ, ಅಂದರೆ ಟ್ಯೂಬ್‌ಲೈಟ್ ಉರಿಸಿದಷ್ಟೇ ಖರ್ಚು, ಯಾರಿಗೂ ಬೆಳಕನ್ನೂ ಕೊಡದೆ, ಗಾಳಿಯನ್ನೂ ಬೀಸದೆ.

ಮುಂದಿನ ಎಂಟು ತಿಂಗಳಲ್ಲಿ ಒಂದೊಂದಾಗಿ ಬದಲಾಯಿಸಿದೆ. ಆಗಷ್ಟೇ ರಿಯಾಯಿತಿ ದರದಲ್ಲಿ ಸಿಗತೊಡಗಿದ್ದ 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು ತಂದೆ. ಬಾಕ್ಸಿಗೆ ಸ್ವಿಚ್ಚಿರುವ ಬೋರ್ಡು ಹಾಕಿದೆ. ಟಿವಿ ಕೆಟ್ಟಾಗ ಎಲ್‌ಇಡಿ ಟಿವಿ ಕೊಂಡೆ. ಕೊನೆಗೆ ಹಣ ಕೂಡಿಸಿ ಕಡಿಮೆ ಕರೆಂಟು ಎಳೆಯುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ತಂದೆ. ಕಾಯಿಲನ್ನು ಅಟ್ಟದ ಮೇಲಿಟ್ಟು, ಕಪ್ಪು ಬಣ್ಣ ಬಳಿದ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ಶೀಟಿನ ಮೇಲೆ ಬಿಸಿಲಿಗೆ ಮಲಗಿಸಿ, ಬೆಳಗಿನ ಸ್ನಾನವನ್ನು ಸಂಜೆಗೆ ಬದಲಾಯಿಸಿಕೊಂಡೆವು. ಇದಕ್ಕೆ ನನ್ನ ತಾಯಿಯವರು ಒಪ್ಪಲು ಬಹಳ ದಿನ ಬೇಕಾಯಿತು. ಸ್ನಾನ ಮಾಡದೆ ದೇವರ ಮುಂದೆ ದೀಪ ಹಚ್ಚುವುದು ಹೇಗೆ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರಿಗೆ ಮಾತ್ರ ಬೆಳಗ್ಗೆ ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿ ಕೊಡುತ್ತಿದ್ದೆವು. ವರ್ಷದ ಕೊನೆಗೆ ಬಳಕೆ ತಿಂಗಳಿಗೆ 22 ಯೂನಿಟ್ಟಿಗೆ ಇಳಿಯಿತು. ಒಂದೂ ಪ್ಯಾನೆಲ್ ಹಾಕದೆ ನಾಲ್ಕರಲ್ಲಿ ಮೂರು ಭಾಗ ಕರೆಂಟು ಉಳಿದಿತ್ತು. ಮೊದಲಿನ 82 ಯೂನಿಟ್ಟನ್ನು ಸೂರ್ಯನಿಂದ ಪಡೆಯಲು ಹೊರಟಿದ್ದರೆ ಸಾಲಗಾರನಾಗುತ್ತಿದ್ದೆ.

2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದ ಮೇಲೆ ನಮ್ಮಂತಹ ಮನೆಗಳ ಬಿಲ್ಲು ಸೊನ್ನೆಯಾಯಿತು. ಆದರೂ ಮಿತ ಬಳಕೆಯ ಬೆಲೆ ಕಡಿಮೆಯಾಗಿಲ್ಲ, ಏಕೆಂದರೆ ಪ್ರತಿ ಮನೆಗೂ ಪೂರ್ತಿ 200 ಯೂನಿಟ್ ಉಚಿತವಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10ರಷ್ಟು (ನಮ್ಮಂತಹ ಕಡಿಮೆ ಬಳಕೆಯ ಮನೆಗಳಿಗೆ 2024ರಿಂದ 10 ಯೂನಿಟ್) ಸೇರಿಸಿದ ಮಿತಿ ಇದೆ, ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಉಚಿತವೆಲ್ಲ ಆರ್.ಆರ್. ನಂಬರ್, ಅಂದರೆ ಸಂಪರ್ಕದ ನೋಂದಣಿ ಸಂಖ್ಯೆ, ಇರುವ ಮೀಟರಿಗೆ ಮಾತ್ರ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಅದಕ್ಕೂ ಸ್ವಂತ ಛಾವಣಿ ಮತ್ತು ಸ್ವಂತ ಮೀಟರ್ ಬೇಕು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದು ಈ ನಗರದ ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಗಾರೆ ಕೆಲಸದವರ ಹತ್ತಿರ ಇರುವುದು ತಗಡು, ತಾಡಪತ್ರಿ ಮತ್ತು ನಾಲ್ಕು ಬಿದಿರಿನ ಗಳ. ಬೆಂಗಳೂರಿನಲ್ಲಿ ಬೆಳಕಿಗೆ ಅತಿ ಹೆಚ್ಚು ಬೆಲೆ ತೆರುತ್ತಿರುವವರು ಅವರೇ.

ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಮೊದಲ ಭಾನುವಾರ ಹದಿನಾಲ್ಕು ಶೆಡ್ಡುಗಳಿಗೆ ಹೋಗಿ ಲೆಕ್ಕ ಕೇಳಿದೆ. ಕಟ್ಟಡದ ಲೈನಿನಿಂದ ಒಂದು ಬಲ್ಬಿಗೆ ವೈರು ಎಳೆದುಕೊಟ್ಟಿದ್ದಕ್ಕೆ ತಿಂಗಳಿಗೆ ಇನ್ನೂರು ರೂಪಾಯಿ. ಅದೂ ರಾತ್ರಿ ಹತ್ತಕ್ಕೆ ಕಟ್. ಮೊಬೈಲ್ ಚಾರ್ಜಿಗೆ ಪೆಟ್ಟಿಗೆ ಅಂಗಡಿಯಲ್ಲಿ ಒಂದು ಸಲಕ್ಕೆ ಹತ್ತು ರೂಪಾಯಿ, ತಿಂಗಳಿಗೆ ಸರಿಸುಮಾರು ಇನ್ನೂರು. ಪಡಿತರ ಚೀಟಿ ಊರಿನಲ್ಲಿರುವುದರಿಂದ ಬುಡ್ಡಿಯ ಸೀಮೆಎಣ್ಣೆ ಹೊರಗೆ ದುಬಾರಿ ಬೆಲೆಗೆ. ಅದು ಸಿಗದ ದಿನ ಮೇಣದ ಬತ್ತಿ. ಒಟ್ಟು ಆರುನೂರರ ಆಸುಪಾಸು. ಅದೇ ತಿಂಗಳು ನನ್ನ ಮನೆಯ ಬಿಲ್ಲು ಅದರ ಅರ್ಧವೂ ಇರಲಿಲ್ಲ, ಮತ್ತು ನಾನು ಫ್ಯಾನಿನ ಕೆಳಗೆ ಮಲಗುತ್ತಿದ್ದೆ.

ಆ ದಿನವೇ ಒಂದು ಶೆಡ್ಡಿನಲ್ಲಿ ಕಂಡದ್ದು ಇಂದಿಗೂ ನನ್ನ ಕೆಲಸಕ್ಕೆ ದಾರಿ ತೋರಿಸುತ್ತಿದೆ. ನಡುವೆ ನೇತುಹಾಕಿದ ಬಲ್ಬಿಗೆ ಬೆನ್ನು ಮಾಡಿ ಕುಳಿತು ಯಾದಗಿರಿಯ ಒಬ್ಬ ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ನೆರಳು ನೇರವಾಗಿ ಹಂಚಿನ ಮೇಲೆ ಬೀಳುತ್ತಿತ್ತು. ರೊಟ್ಟಿ ಬೆಂದಿತೋ ಸೀದಿತೋ ನೋಡಲು ಪ್ರತಿ ಸಲವೂ ಅವರು ಮೈಯನ್ನು ಪಕ್ಕಕ್ಕೆ ವಾಲಿಸಿ ಬೆಳಕಿಗೆ ದಾರಿ ಬಿಡಬೇಕಾಗಿತ್ತು. “ಅಣ್ಣಾ, ಬೆಳಕೇನೋ ಐತಿ, ಆದ್ರ ನನ್ನ ಬೆನ್ನಿಗಷ್ಟ ಐತಿ,” ಎಂದರು. ಚೀಲದಲ್ಲಿದ್ದ ಬ್ಯಾಟರಿಗೆ ಮೂರು ವ್ಯಾಟಿನ ಒಂದು ಎಲ್‌ಇಡಿ ಪಟ್ಟಿ ಜೋಡಿಸಿ, ಒಲೆಯ ಎದುರಿನ ಗಳಕ್ಕೆ ಅವರ ತಲೆಗಿಂತ ಒಂದು ಅಡಿ ಮೇಲೆ ಕಟ್ಟಿದೆ. ನಡುವಿನ ಬಲ್ಬನ್ನು ಆರಿಸಿದಾಗ ಇಡೀ ಶೆಡ್ಡಿಗೆ ಬೆಳಕು ಕಡಿಮೆಯಾಯಿತು. ಹಂಚಿಗೆ, ಹಿಟ್ಟಿಗೆ, ಕೈಗೆ ಮಾತ್ರ ಬೇಕಾದಷ್ಟು ಬೆಳಕು ಬಂತು. ಅಂದಿನಿಂದ ನಾನು ಮನೆಗೆ ಎಷ್ಟು ದೀಪ ಬೇಕೆಂದು ಕೇಳುವುದನ್ನು ಬಿಟ್ಟು, ಕತ್ತಲಾದ ಮೇಲೆ ಯಾರು ಎಲ್ಲಿ ಕುಳಿತು ಏನು ಮಾಡುತ್ತಾರೆಂದು ಕೇಳುತ್ತೇನೆ. ಒಲೆಯ ಎದುರು ಮೂರು ವ್ಯಾಟ್, ಮಕ್ಕಳು ಓದುವ ಮತ್ತು ಎಲ್ಲರೂ ಉಣ್ಣುವ ಜಾಗಕ್ಕೆ ಐದು ವ್ಯಾಟ್, ರಾತ್ರಿ ಎದ್ದು ಹೊರಗೆ ಹೋಗುವ ಹೆಂಗಸರಿಗೆ ಬಾಗಿಲ ಬಳಿ ಅರ್ಧ ವ್ಯಾಟಿನ ಸಣ್ಣ ದೀಪ: ಬಹುತೇಕ ಶೆಡ್ಡುಗಳಿಗೆ ಇಷ್ಟು ಸಾಕಾಗಿದೆ.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರು ಬೇಕಾದರೂ ಕಾಗದದ ಮೇಲೆ ಹಾಕಬಹುದು. ಎರಡು ದೀಪ ನಾಲ್ಕು ಗಂಟೆ ಉರಿದರೆ 32 ವ್ಯಾಟ್-ಗಂಟೆ, ಬಾಗಿಲ ದೀಪ ಎಂಟು ಗಂಟೆಗೆ 4, ಎರಡು ಮೊಬೈಲಿಗೆ 50, ಒಟ್ಟು 86. ನಲವತ್ತು ವ್ಯಾಟಿನ ಪ್ಯಾನೆಲ್ಲಿಗೆ ಬೆಂಗಳೂರಿನ ಮೋಡದ ತಿಂಗಳುಗಳಲ್ಲಿ ದಿನಕ್ಕೆ ಮೂರೂವರೆ ಗಂಟೆಯಷ್ಟು ಪೂರ್ಣ ಬಿಸಿಲು ಎಂದು ಹಿಡಿದು, ವೈರು, ಬ್ಯಾಟರಿ, ಧೂಳಿನಲ್ಲಿ ಹೋಗುವ ಶೇಕಡಾ 30ನ್ನು ಕಳೆದರೆ 98 ಸಿಗುತ್ತದೆ. ಅಂದರೆ ಮಳೆಗಾಲದಲ್ಲೂ ದೀಪ ಆರುವುದಿಲ್ಲ. ಬ್ಯಾಟರಿಯಿಂದಲೇ ನೇರವಾಗಿ ತಿರುಗುವ ಹನ್ನೆರಡು ವ್ಯಾಟಿನ ಡಿಸಿ ಫ್ಯಾನು ಆರು ಗಂಟೆ ತಿರುಗಿದರೆ 72 ಸೇರಿ 158 ಬೇಕು. ಅದಕ್ಕೆ ಮಳೆಗಾಲದ ಬಿಸಿಲು ಸಾಲದು. ಆದರೆ ಈ ಊರಿನಲ್ಲಿ ಫ್ಯಾನು ಬೇಕೆನಿಸುವುದು ಶಿವರಾತ್ರಿ ಕಳೆದ ಮೇಲೆ, ಮುಂಗಾರಿನ ಮೊದಲು. ಆಗ ಬಿಸಿಲು ದಿನಕ್ಕೆ ಆರು ಗಂಟೆಯಷ್ಟು ಸಿಕ್ಕು ಅದೇ ಪ್ಯಾನೆಲ್ 168 ಕೊಡುತ್ತದೆ. ಸೆಕೆ ಬರುವ ತಿಂಗಳುಗಳಲ್ಲೇ ಬಿಸಿಲೂ ಹೆಚ್ಚುವುದರಿಂದ ದೊಡ್ಡ ಪ್ಯಾನೆಲ್ ಬೇಕಾಗಲಿಲ್ಲ. ಈ ಹೊಂದಾಣಿಕೆ ಎಲ್ಲ ಊರಿಗೂ ಅನ್ವಯಿಸುವುದಿಲ್ಲ. ರಾಯಚೂರಿನ ಸೆಕೆಗೆ ಈ ಲೆಕ್ಕ ನಿಲ್ಲುವುದಿಲ್ಲ.

ಅಡುಗೆಗೂ ಸೋಲಾರ್ ಹಾಕಿಕೊಡಿ ಎಂದು ಬಹಳ ಜನ ಕೇಳುತ್ತಾರೆ. ಅವರಿಗೆ ಆಸೆ ತೋರಿಸಲು ನನಗೆ ಮನಸ್ಸಾಗುವುದಿಲ್ಲ. ಒಂದು ಲೀಟರ್ ನೀರನ್ನು ಕುದಿಸಲು ಸುಮಾರು 87 ವ್ಯಾಟ್-ಗಂಟೆ ಶಾಖ ಬೇಕು. ಅಂದರೆ ಮಳೆಗಾಲದಲ್ಲಿ ಈ ಪ್ಯಾನೆಲ್ಲಿನ ಇಡೀ ದಿನದ ಗಳಿಕೆ ಒಂದು ಚೊಂಬು ನೀರು ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಇಲ್ಲಿನ ಹೆಂಗಸರು ಮೂರು ಕಲ್ಲಿನ ಒಲೆಯಲ್ಲಿ ಸೆಂಟ್ರಿಂಗ್ ಹಲಗೆಯ ತುಂಡು, ಪ್ಲೈವುಡ್ ಚೂರು ಉರಿಸುತ್ತಾರೆ. ಅಂಟು, ಬಣ್ಣ ಹತ್ತಿದ ಆ ಮರದ ಹೊಗೆ ಮಕ್ಕಳ ಎದೆಗೆ ಇಳಿಯುತ್ತದೆ. ಹೊಗೆ ಕಡಿಮೆ ಮಾಡುವ ಒಲೆಗಳ ಕೆಲಸ ಈ ನಗರಕ್ಕೆ ಹೊಸದಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಎಂಬ ಕೇಂದ್ರದಿಂದಲೇ ಅಸ್ತ್ರ ಒಲೆ ಹಳ್ಳಿಗಳಿಗೆ ಹೋಯಿತು. ಆದರೆ ಅದು ಮನೆಯಲ್ಲಿ ನೆಲೆಯಾಗಿ ಕಟ್ಟುವ ಒಲೆ. ವರ್ಷಕ್ಕೊಮ್ಮೆ ಜಾಗ ಬದಲಿಸುವ ಶೆಡ್ಡಿನಲ್ಲಿ ಕಟ್ಟಲು ನನಗೆ ಆಗಲಿಲ್ಲ. ಬೇಳೆ, ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು, ಅನ್ನ ಒಂದು ಕುದಿ ಬಂದ ಮೇಲೆ ಪಾತ್ರೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಉಳಿದ ಬೇಯುವಿಕೆಯನ್ನು ಅದರ ಶಾಖಕ್ಕೇ ಬಿಡುವುದು: ಇವಿಷ್ಟರಿಂದ ಉರಿಯುವ ಹೊತ್ತು ಇಳಿದಿದೆ. ಹೊಗೆಯ ಸಮಸ್ಯೆಗೆ ಇದು ಪರಿಹಾರವಲ್ಲ, ಮತ್ತು ಈ ವಿಷಯದಲ್ಲಿ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಹಗಲಿನ ಕತ್ತಲೆಗೆ ಮಾತ್ರ ಬಹಳ ಅಗ್ಗದ ಉಪಾಯವಿದೆ. ಬ್ರೆಜಿಲಿನ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ 2002ರಲ್ಲಿ ಕಂಡುಕೊಂಡಂತೆ, ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ, ಪಾಚಿ ಕಟ್ಟದಂತೆ ಎರಡು ಮುಚ್ಚಳ ಬ್ಲೀಚ್ ಹಾಕಿ, ತಗಡಿಗೆ ರಂಧ್ರ ಕೊರೆದು ಅರ್ಧ ಮೇಲೆ ಅರ್ಧ ಒಳಗೆ ಇರುವಂತೆ ಕೂರಿಸಿದರೆ, ಮೇಲಿನ ಬಿಸಿಲನ್ನು ಅದು ಶೆಡ್ಡಿನ ಮೂಲೆಮೂಲೆಗೂ ಚೆಲ್ಲುತ್ತದೆ. ಸುತ್ತಲೂ ಸೀಲೆಂಟನ್ನು ಜಿಪುಣತನವಿಲ್ಲದೆ ಹಚ್ಚಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಸೋರುತ್ತದೆ. ತಗಡಿಗೆ ಬೇಸಿಗೆಯ ಮೊದಲು ಎರಡು ಕೋಟು ಬಿಳಿ ಸುಣ್ಣ ಬಳಿದರೆ ಒಳಗಿನ ಕಾವು ಇಳಿಯುವುದು ಅಂಗೈ ಇಟ್ಟರೇ ತಿಳಿಯುತ್ತದೆ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸದಿದ್ದರೆ ಅದು ಆಷಾಢದ ಗಾಳಿಮಳೆಗೆ ತೊಳೆದುಹೋಗುತ್ತದೆ.

ಈಗ ನನ್ನ ತಪ್ಪುಗಳಿಗೆ ಬರುತ್ತೇನೆ. ಮೊದಲ ಬಾರಿ ದುಡ್ಡು ಉಳಿಸಲೆಂದು ನಾಲ್ಕು ಶೆಡ್ಡುಗಳಿಗೆ ಒಂದೇ ಬ್ಯಾಟರಿ ಇಟ್ಟು, ತೆಳುವಾದ ಬೆಲ್ ವೈರನ್ನು ಹದಿನೈದು ಮೀಟರ್ ಎಳೆದೆ. ಹತ್ತಿರದ ಶೆಡ್ಡಿನಲ್ಲಿ ದೀಪ ಝಗಝಗಿಸುತ್ತಿತ್ತು, ದೂರದ ಶೆಡ್ಡಿನಲ್ಲಿ ಮಿಣುಕುತ್ತಿತ್ತು. 230 ವೋಲ್ಟಿಗೆ ಒಗ್ಗಿದ ಕೈಗೆ 12 ವೋಲ್ಟಿನ ಸೂಕ್ಷ್ಮ ತಿಳಿದಿರಲಿಲ್ಲ. ಅರ್ಧ ಚದರ ಮಿಲಿಮೀಟರಿನ ವೈರಿನಲ್ಲಿ ಹೋಗಿ ಬರುವ ಮೂವತ್ತು ಮೀಟರಿಗೆ ಒಂದು ಓಮಿಗೂ ಹೆಚ್ಚು ತಡೆ ಇರುತ್ತದೆ. ಒಂದೂವರೆ ಆಂಪಿಯರ್ ಹರಿದರೆ ಒಂದೂವರೆ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಮನೆಯ ಕರೆಂಟಿನಲ್ಲಿ ಅದು ಲೆಕ್ಕಕ್ಕೇ ಬಾರದ ನಷ್ಟ. ಇಲ್ಲಿ ಎಂಟರಲ್ಲಿ ಒಂದು ಭಾಗ. ಎರಡೂವರೆ ಚದರ ಮಿಲಿಮೀಟರಿನ ವೈರು ಹಾಕಿದಾಗ ದೀಪ ಸರಿಯಾಯಿತು, ಆದರೆ ಅದರ ಬೆಲೆಗೆ ಇನ್ನೊಂದು ಸಣ್ಣ ಬ್ಯಾಟರಿಯೇ ಬರುತ್ತಿತ್ತು. ಅಲ್ಲಿಂದ ಒಂದು ಶೆಡ್ಡಿಗೆ ಒಂದು ಪ್ಯಾನೆಲ್, ಒಂದು ಬ್ಯಾಟರಿ ಎಂಬ ನಿಯಮಕ್ಕೆ ಬಂದೆ. ಅದರಿಂದ ನೆರೆಹೊರೆಯವರ ನಡುವೆ ಯಾರ ಮೊಬೈಲಿನಿಂದ ಕರೆಂಟು ಖಾಲಿಯಾಯಿತೆಂಬ ಜಗಳವೂ ನಿಂತಿತು.

ಎರಡನೆಯ ತಪ್ಪು ದುಬಾರಿಯಾಯಿತು. ಅಗ್ಗವೆಂದು ಲೆಡ್-ಆಸಿಡ್ ಬ್ಯಾಟರಿ ಹಾಕಿದ್ದೆ. ಜೂನ್ ತಿಂಗಳಲ್ಲಿ ಮುಂಗಾರು ಬಿತ್ತನೆಗೆಂದು ಐದು ಕುಟುಂಬಗಳು ಊರಿಗೆ ಹೋದವು. ಕಳ್ಳರ ಭಯದಿಂದ ಪ್ಯಾನೆಲ್ ಬಿಚ್ಚಿ ಒಳಗಿಟ್ಟು, ಬಾಗಿಲ ದೀಪವನ್ನು ಆರಿಸದೆ ಬೀಗ ಹಾಕಿದ್ದರು. ಎರಡು ತಿಂಗಳ ನಂತರ ಮರಳಿದಾಗ ಐದೂ ಬ್ಯಾಟರಿಗಳು ಸತ್ತಿದ್ದವು. ಖಾಲಿಯಾದ ಲೆಡ್-ಆಸಿಡ್ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಅದನ್ನು ಅವರಿಗೆ ಮೊದಲೇ ಹೇಳದಿದ್ದದ್ದು ನನ್ನ ತಪ್ಪಾದ್ದರಿಂದ ಆ ನಷ್ಟವನ್ನು ನಾನೇ ಭರಿಸಿದೆ. 2021ರಿಂದ 12.8 ವೋಲ್ಟಿನ, 12 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಳಸುತ್ತಿದ್ದೇನೆ. ಬೆಲೆ ಹೆಚ್ಚಾದರೂ ಡಿಸ್ಟಿಲ್ಡ್ ವಾಟರ್ ಬೇಡ, ಊರಿಗೆ ಹೋಗುವಾಗ ಊಟದ ಡಬ್ಬಿಯಂತೆ ಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ಪ್ಯಾನೆಲ್ ಕೊಳ್ಳುವವರಿಗೆ ಒಂದು ಮಾತು. ಒಂದು ಅಂಗಡಿಯಿಂದ ತಂದ ಆರು ಪ್ಯಾನೆಲ್ಲುಗಳ ಹಿಂದೆ 40 ವ್ಯಾಟ್ ಎಂಬ ಚೀಟಿ ಇತ್ತು. ದೀಪಗಳು ಮಾತ್ರ ಒಂಬತ್ತಕ್ಕೇ ಆರುತ್ತಿದ್ದವು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಮಲ್ಟಿಮೀಟರನ್ನು 10 ಆಂಪಿಯರಿಗೆ ತಿರುಗಿಸಿ ಎರಡು ತುದಿಗೂ ಹಿಡಿದು ನೋಡಿದಾಗ 2.4 ಬರಬೇಕಾದಲ್ಲಿ 1.5 ಬಂತು. ಅದು ಇಪ್ಪತ್ತೈದು ವ್ಯಾಟಿನ ಪ್ಯಾನೆಲ್. ಈಗ ಅಂಗಡಿಯ ಮುಂದಿನ ಬಿಸಿಲಿನಲ್ಲೇ ಒಂದೊಂದನ್ನೂ ಅಳೆದು, ಆಮೇಲೆ ಹಣ ಕೊಡುತ್ತೇನೆ.

ಹಣದ ವಿಷಯ ತಂತ್ರಜ್ಞಾನಕ್ಕಿಂತ ಕಠಿಣವಾಗಿತ್ತು. ಪ್ಯಾನೆಲ್, ಬ್ಯಾಟರಿ, ಅದರ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್, ದೀಪ, ವೈರು ಎಲ್ಲ ಸೇರಿ ಒಂದು ಶೆಡ್ಡಿಗೆ ನನಗೆ ಬಿದ್ದ ಖರ್ಚು 7,200 ರೂಪಾಯಿ. ಡಿಸಿ ಫ್ಯಾನು ಬೇಕೆನ್ನುವವರಿಗೆ ಅದರ ಬೆಲೆ ಬೇರೆ. ವಿಳಾಸದ ದಾಖಲೆ ಇಲ್ಲದವರಿಗೆ ಬ್ಯಾಂಕಿನ ಸಾಲ ಸಿಗುವುದಿಲ್ಲ. ತಿಂಗಳ ಕಂತು ಎಂದು ಆರಂಭಿಸಿದಾಗ ಮೂರೇ ತಿಂಗಳಲ್ಲಿ ಅರ್ಧ ಜನ ಹಿಂದೆ ಬಿದ್ದರು. ಅವರಲ್ಲಿ ಹಣವಿರಲಿಲ್ಲ ಎಂದಲ್ಲ. ಅವರಿಗೆ ಬಟವಾಡೆ ಆಗುವುದು ವಾರಕ್ಕೊಮ್ಮೆ, ಮತ್ತು ತಿಂಗಳ ಕೊನೆಯವರೆಗೆ ಆರುನೂರು ರೂಪಾಯಿ ತಾಡಪತ್ರಿಯ ಕೆಳಗೆ ಸುರಕ್ಷಿತವಾಗಿ ಉಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿ ಸಂಗ್ರಹಿಸಿದ್ದರ ಹಿಂದಿನ ತಿಳಿವಳಿಕೆ ಇದೇ ಇರಬೇಕು. ನಾನು ಭಾನುವಾರ ಬೆಳಗ್ಗೆ, ಬಟವಾಡೆಯ ಮರುದಿನ, ಸಂತೆಗೆ ಹೋಗುವ ಮೊದಲು, 150 ರೂಪಾಯಿಯಂತೆ ನಲವತ್ತೆಂಟು ವಾರ ಸಂಗ್ರಹಿಸತೊಡಗಿದೆ. ಮಳೆಯಿಂದ ಕೆಲಸ ನಿಂತ ವಾರ ಕಂತು ಇಲ್ಲ. ಅದನ್ನು ಕೊನೆಗೆ ಸೇರಿಸಲಾಗುತ್ತದೆ, ಬಡ್ಡಿ ಇಲ್ಲ. ಬಲ್ಬು, ಚಾರ್ಜು, ಸೀಮೆಎಣ್ಣೆಗೆ ಅವರು ಮೊದಲು ಕೊಡುತ್ತಿದ್ದ ಹಣವೂ ವಾರಕ್ಕೆ ಅಷ್ಟೇ ಆಗಿದ್ದರಿಂದ ಇದು ಹೊಸ ಹೊರೆಯಾಗಲಿಲ್ಲ. ಮೊದಲ ಬಂಡವಾಳ ನನ್ನ ಚೀಟಿಯ ಹಣ. ಈವರೆಗೆ ಮೂವತ್ತೊಂದು ಶೆಡ್ಡುಗಳಿಗೆ ಹಾಕಿದ್ದೇನೆ. ಎರಡು ಕುಟುಂಬಗಳು ಕಂತು ಮುಗಿಸದೆ ಹೋದವು, ಅವುಗಳಲ್ಲಿ ಒಂದು ಮನೆಯ ಯಜಮಾನರು ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರ ಪ್ಯಾನೆಲ್ ನಾನು ವಾಪಸ್ ಕೇಳಲಿಲ್ಲ.

ಹಾಕಿಕೊಟ್ಟ ಮೇಲಿನ ನಿಗಾ ಇಲ್ಲದಿದ್ದರೆ ಇವೆಲ್ಲ ಆರು ತಿಂಗಳಲ್ಲಿ ಗುಜರಿಗೆ ಹೋಗುತ್ತವೆ. ಕಟ್ಟಡದ ಸಿಮೆಂಟ್ ಧೂಳು ಪ್ಯಾನೆಲ್ ಮೇಲೆ ಕೂತು, ಇಬ್ಬನಿಗೆ ನೆನೆದು ಪದರಗಟ್ಟುತ್ತದೆ. ಒಳಗಿನ ಮೂವತ್ತಾರು ಬಿಲ್ಲೆಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಬಿಲ್ಲೆಗೆ ಎಲೆ ಅಡ್ಡಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ. ಶೆಡ್ಡಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ ಉಳಿಯುವ, ಹತ್ತನೆಯ ತರಗತಿ ಓದಿದ ಒಬ್ಬ ಹುಡುಗಿಗೆ ಮಲ್ಟಿಮೀಟರ್ ಹಿಡಿಯುವುದು, ಕಂಟ್ರೋಲರಿನ ಕೆಂಪು ಹಸಿರು ದೀಪದ ಅರ್ಥ, ಸಡಿಲವಾದ ಸ್ಕ್ರೂ ಬಿಗಿಮಾಡುವುದು ಕಲಿಸಿದೆ. ವಾರಕ್ಕೊಮ್ಮೆ ಎಲ್ಲವನ್ನೂ ಒರೆಸಿ ಪರೀಕ್ಷಿಸಿದ್ದಕ್ಕೆ ಪ್ರತಿ ಶೆಡ್ಡಿನಿಂದ ಹತ್ತು ರೂಪಾಯಿ ಅವಳಿಗೆ. ಈಗ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು, “ಅಣ್ಣಾ, ನಾನೇ ಸರಿ ಮಾಡೀನಿ, ಬರೂದು ಬ್ಯಾಡ” ಎನ್ನುವ ಅವಳ ಕರೆಗಳು.

ಇನ್ನೊಂದು ಸಂಗತಿಯನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಅವರು ಕಟ್ಟುತ್ತಿರುವ ಕಟ್ಟಡವೇ ಮೇಲೇರಿದಂತೆ ಅದರ ನೆರಳು ಶೆಡ್ಡುಗಳ ಮೇಲೆ ಬರುತ್ತದೆ. ಐದನೆಯ ಅಂತಸ್ತು ಆಗುವ ಹೊತ್ತಿಗೆ ಪಶ್ಚಿಮದ ಬಿಸಿಲು ಮೂರು ಗಂಟೆಗೇ ಮಾಯವಾಗಿತ್ತು. ಈಗ ಕೆಲಸ ಆರಂಭಿಸುವ ಮೊದಲು ಮೇಸ್ತ್ರಿಯನ್ನು ಎಷ್ಟು ಅಂತಸ್ತು ಎಂದು ಕೇಳಿ, ಪ್ಯಾನೆಲ್ಲನ್ನು ತಗಡಿಗೆ ಮೊಳೆ ಹೊಡೆಯದೆ ಬಿದಿರಿನ ಗಳಕ್ಕೆ ಕ್ಲಾಂಪಿನಿಂದ ಕಟ್ಟುತ್ತೇನೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಪ್ಯಾನೆಲ್ ದಕ್ಷಿಣಕ್ಕೆ ಅಷ್ಟೇ ವಾಲಿದ್ದರೆ ಸಾಕು. ಎರಡಡಿ ಉದ್ದದ ಪ್ಯಾನೆಲ್ಲಿಗೆ ಹಿಂಬದಿ ಐದೂವರೆ ಅಂಗುಲ ಎತ್ತಬೇಕು. ಕೋನ ಅಳೆಯುವ ಕಷ್ಟ ಬೇಡವೆಂದು ಅಷ್ಟುದ್ದದ ಮರದ ತುಂಡೊಂದನ್ನು ಕೊಯ್ದು ಪ್ರತಿ ಮನೆಗೂ ಕೊಡುತ್ತೇನೆ.

ಕಳೆದ ದೀಪಾವಳಿಯ ನಂತರ ಥಣಿಸಂದ್ರದ ಆ ಕಟ್ಟಡ ಮುಗಿದು ಒಂಬತ್ತು ಕುಟುಂಬಗಳು ಸರ್ಜಾಪುರ ರಸ್ತೆಯ ಕಡೆಗೆ ಹೋದವು. ಮರುವಾರ ಚೀಲದಲ್ಲಿ ಸ್ಪ್ಯಾನರು, ವೈರು ತುಂಬಿಕೊಂಡು ಹೋದೆ. ಪ್ಯಾನೆಲ್ಲುಗಳನ್ನು ಕೌದಿಗಳಲ್ಲಿ ಸುತ್ತಿ ಟೆಂಪೋದಲ್ಲಿ ತಂದಿದ್ದರು. ಎಂಟು ಆಗಲೇ ಗಳದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದವು, ಒಂದೊಂದರ ಹಿಂದೆಯೂ ಆ ಐದೂವರೆ ಅಂಗುಲದ ಮರದ ತುಂಡು ಇತ್ತು. ಒಂಬತ್ತನೆಯದಕ್ಕೆ ಪಕ್ಕದ ಹೊಂಗೆ ಮರದ ಕೊಂಬೆ ಅಡ್ಡಬರುತ್ತಿತ್ತು. ಅದನ್ನು ಆರಡಿ ಆಚೆಗೆ ಸರಿಸಿ, ವೈರನ್ನು ಅಷ್ಟು ಉದ್ದ ಮಾಡಿ, ಆ ವಾರದ ಕಂತು ಸಂಗ್ರಹಿಸಿಕೊಂಡು ಸಂಜೆಯ ಬಸ್ಸಿಗೆ ಹೊರಟೆ.